ಹಳೆಯ ಕಾರಿನ ಕಂತು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವರು ಬ್ರೇಕ್ ಮೇಡಂ. ಇದು ಅವರ ಶಿಷ್ಯರು ಹೇಳುವ ಲೆಕ್ಕ. ಮೇಡಂ ಅವರನ್ನೇ ಕೇಳಿದರೆ, "ಅರ್ಧ ಎಲ್ಲಿ ಬಂತು, ಕಾಲು ಭಾಗ ಇರಬಹುದು. ಇನ್ನೊಂದು ಕಾಲು ಭಾಗ ಕಲಿಯೋಕೆ ಬಂದು ಹೆದರಿ ಓಡಿಹೋದೋರು" ಎನ್ನುತ್ತಾರೆ. ಅವರಿಗೊಂದು ಒಳ್ಳೆಯ ಹೆಸರಿದೆ, ಅದು ಲೈಸೆನ್ಸಿನ ಮೇಲಿದೆ, ಅಲ್ಲೇ ಇರಲಿ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಶಿಷ್ಯ ಎದುರಿನ ಲಾರಿಯನ್ನು ನೋಡುವ ಮೊದಲೇ ಇವರ ಕಾಲು ಅದರ ಮೇಲಿರುತ್ತಿತ್ತು. ಹಾಗಾಗಿ ಆ ಹೆಸರು ಬಿತ್ತು, ಅಂಟಿಕೊಂಡಿತು.

ಕಲಿಸುವಾಗ ಅವರ ಬಾಯಿ ಬಹಳ ಜೋರು. ವಕೀಲರು, ಡಾಕ್ಟರು, ಮದುವೆಗೆ ಬಂದ ಹುಡುಗಿಯರು, ಯಾರೇ ಇರಲಿ, "ಕನ್ನಡಿ ಇರೋದು ತಲೆ ಬಾಚಿಕೊಳ್ಳೋಕಲ್ಲ" ಅನ್ನಿಸಿಕೊಳ್ಳದೆ ಕಲಿತವರಿಲ್ಲ. ಆದರೆ ಲೈಸೆನ್ಸ್ ಕೈಗೆ ಬಂದ ದಿನಕ್ಕೆ ಆ ಬಾಯಿಗೆ ಬೀಗ. ಆಮೇಲೆ ಅದೇ ಶಿಷ್ಯ ಕಣ್ಣೆದುರೇ ಗೇಟಿಗೆ ಕಾರು ಗುದ್ದಿದರೂ ಮೇಡಂ ಮುಖ ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು. ಪಾಸಾದವನನ್ನು ಮತ್ತೆ "ಸರಿಯಾಗಿ ಮಾಡಿದೆಯಾ" ಎಂದು ಕೇಳುವುದು, ತಾನು ಕಲಿಸಿದ್ದರ ಮೇಲೆ ತನಗೇ ನಂಬಿಕೆ ಇಲ್ಲ ಎಂದಂತೆ ಎಂಬುದು ಅವರ ವಾದ. ಇದು ಅವರ ಕಸುಬಿನ ಕಟ್ಟುನಿಟ್ಟು. ಹೆಮ್ಮೆಯೂ ಹೌದು. ಇದೇ ಮುಂದೆ ಅವರಿಗೆ ಕೈಕೊಟ್ಟಿತು.

ಗಂಡ ತೀರಿಕೊಂಡಾಗ ಮೇಡಂ ಇನ್ನೂ ಚಿಕ್ಕವರು, ಮಕ್ಕಳಿಲ್ಲ. ಕಾರು ಕಲಿಸುವ ಕೆಲಸ ಮಾಡುತ್ತೇನೆ ಎಂದಾಗ ಎರಡೂ ಕಡೆಯ ನೆಂಟರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬೆನ್ನಿಗೆ ನಿಂತವರು ಗಂಡನ ಅಕ್ಕ ಒಬ್ಬರೇ. ಈ ಅತ್ತಿಗೆ ಮದುವೆಯಾದವರಲ್ಲ. ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೆಲಸ. ವಾರ್ಡುಗಳಿಂದ ಬರುವ ಹೊದಿಕೆ, ಹಾಸು ಬಟ್ಟೆಗಳನ್ನು ಒಗೆಸಿ, ಮಡಿಸಿ, ಎಣಿಸಿ ವಾಪಸ್ ಕಳಿಸಬೇಕು. ಮಾತು ಕಡಿಮೆ, ಆಡಿದ್ದೆಲ್ಲ ಕಡ್ಡಿ ತುಂಡು ಮಾಡಿದಂತೆ. ಯಾರ ಹತ್ತಿರವೂ ಬಿಡಿಗಾಸು ಸಾಲ ಮಾಡಿದವರಲ್ಲ. ಅಂಗಡಿಯವನು ಚಿಲ್ಲರೆ ಆಮೇಲೆ ಕೊಡಿ ಎಂದರೆ ಸಾಮಾನನ್ನೇ ವಾಪಸ್ ಇಟ್ಟು ಬರುವ ಪೈಕಿ. ಅಂಥವರು ಮಗಳಲ್ಲ, ತಂಗಿಯಲ್ಲ, ತಮ್ಮನ ಹೆಂಡತಿಯ ಕಾರಿನ ಸಾಲಕ್ಕೆ ಬ್ಯಾಂಕಿಗೆ ಹೋಗಿ ಜಾಮೀನು ಸಹಿ ಹಾಕಿದರು. "ಇವಳು ಕಟ್ತಾಳೆ" ಎಂದು ಅಧಿಕಾರಿಗೆ ಎರಡೇ ಮಾತು ಹೇಳಿ ಎದ್ದು ಬಂದರು.

ಮೇಡಂ ಕಟ್ಟಿದರು. ಒಂದು ಕಾರು ಸವೆದು ಎರಡನೆಯದು ಬಂದಾಗಲೂ ಅತ್ತಿಗೆಯದೇ ಸಹಿ. ಆಗಲೂ ಕಟ್ಟುತ್ತಲೇ ಬಂದರು. ಕಂತಿನ ದಿನ ಖಾತೆಯಲ್ಲಿ ಹಣ ಇಲ್ಲದಿದ್ದರೆ ತಾನು ಊಟ ಬಿಟ್ಟೇನು, ಅತ್ತಿಗೆಯ ಹೆಸರಿಗೆ ಮಸಿ ಹತ್ತಲು ಬಿಡಲಾರೆ ಎಂಬುದು ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ಈ ಎರಡನೆಯ ಕಾರು ಸಾಲ ತೀರುವ ಮೊದಲೇ ಹಣ್ಣಾಗಿಹೋಯಿತು. ಕಲಿಸುವ ಕಾರಿನ ಬದುಕೇ ಹಾಗೆ, ಕ್ಲಚ್ಚು ಯಾರ ಕಾಲಿನಲ್ಲೂ ಕರುಣೆ ಕಾಣದೆ ಸಾಯುತ್ತದೆ. ಮೆಕ್ಯಾನಿಕ್ ಬಾನೆಟ್ ತೆಗೆದು ನೋಡಿ ಲೊಚಗುಟ್ಟಿ, "ಇದಕ್ಕೆ ಇನ್ನು ದುಡ್ಡು ಸುರೀಬೇಡಿ ಮೇಡಂ, ಬದಲಾಯಿಸಿಬಿಡಿ" ಎಂದ. ಅದೇ ವಾರ ಹೊಸ ಕಾರುಗಳ ಷೋರೂಮಿನಿಂದ ಫೋನು ಬಂತು. ಮಾತಾಡಿದವನು ಹಳೆಯ ಶಿಷ್ಯ. ಗೇರು ಹಾಕುವಾಗಲೆಲ್ಲ ನಾಲಿಗೆ ಹೊರಗೆ ಹಾಕುತ್ತಿದ್ದ ಹುಡುಗ ಈಗ ಟೈ ಕಟ್ಟಿಕೊಂಡು ಹಳೆ ಕಾರು ಕೊಟ್ಟು ಹೊಸದು ಕೊಳ್ಳುವವರ ವ್ಯವಹಾರ ನೋಡಿಕೊಳ್ಳುತ್ತಿದ್ದ. ಮೇಡಂಗೆ ಎಷ್ಟು ಖುಷಿಯಾಯಿತೆಂದರೆ, ಬೆಲೆ ಕೇಳುವ ಮೊದಲೇ ಅರ್ಧ ಒಪ್ಪಿಬಿಟ್ಟಿದ್ದರು.

"ಅದರ ಮೇಲೆ ಇನ್ನೂ ಸಾಲ ಇದೆಯಲ್ಲೋ" ಎಂದರು ಷೋರೂಮಿನ ಗಾಜಿನ ಮೇಜಿನ ಮುಂದೆ ಕೂತು.

"ಇರಲಿ ಮೇಡಂ, ಎಲ್ಲರದ್ದೂ ಇರುತ್ತೆ. ನಿಮ್ಮ ಹಳೇ ಗಾಡಿಗೆ ಒಂದು ಬೆಲೆ ಕಟ್ತೀವಿ. ಅದರಲ್ಲಿ ಬ್ಯಾಂಕಿನ ಸಾಲ ನಾವೇ ತೀರಿಸ್ತೀವಿ. ಬೆಲೆಗಿಂತ ಸಾಲ ಸ್ವಲ್ಪ ಜಾಸ್ತಿ ಇದೆ, ಆ ಸ್ವಲ್ಪಾನ ಹೊಸ ಸಾಲಕ್ಕೆ ಸೇರಿಸ್ತೀವಿ. ನೀವು ಹೊಸ ಕಂತು ಕಟ್ಟಿದ್ರೆ ಆಯ್ತು. ಹಳೇದನ್ನ ತಲೆಯಿಂದ ತೆಗೆದುಹಾಕಿ."

ಹೊಸ ಸಾಲ ಬೇರೆ ಕಂಪನಿಯದು, ಜಾಮೀನು ಬೇಕಿರಲಿಲ್ಲ. ಅತ್ತಿಗೆಯ ತಲೆ ಮೇಲಿನ ಭಾರ ಇಳಿಯುತ್ತದೆ ಎನ್ನುವುದೇ ಮೇಡಂಗೆ ಹೊಸ ಕಾರಿಗಿಂತ ಹಿತವಾಗಿ ಕೇಳಿಸಿತು. ಹಳೆಯ ಕಾರಿನ ಕೀಲಿ ಕೊಟ್ಟು ಬಂದ ದಿನವೇ, ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದ ಹಳೆಯ ಕಂತನ್ನು ನಿಲ್ಲಿಸಿಬಿಟ್ಟರು. ಒಂದೇ ಖಾತೆಯಿಂದ ಎರಡೆರಡು ಕಂತು ಹೋದರೆ ಬಾಡಿಗೆಗೆ ಏನು ಉಳಿದೀತು? ಲೆಕ್ಕ ಸರಿಯಾಗೇ ಇತ್ತು. ಶಿಷ್ಯನಿಗೆ ಒಂದು ಫೋನು ಮಾಡಿ "ಸಾಲ ತೀರಿಸಿದೆಯಾ" ಎಂದು ಕೇಳುವುದೊಂದು ಬಾಕಿ. ಕೇಳಲಿಲ್ಲ. ಪಾಸಾದವನನ್ನು ಕೇಳುವುದುಂಟೇ!

ಆಮೇಲೆ ಬ್ಯಾಂಕಿನಿಂದ ಫೋನುಗಳು ಬಂದವು. ಕಲಿಸುವಾಗ ಮೇಡಂ ಫೋನು ಮುಟ್ಟುವವರಲ್ಲ. ಉಳಿದ ಹೊತ್ತಿನಲ್ಲಿ ಬಂದರೂ ಬ್ಯಾಂಕೆಂದರೆ ಸಾಲ ಬೇಕೇ, ಕಾರ್ಡು ಬೇಕೇ ಎಂದು ಪ್ರಾಣ ತಿನ್ನುವವರು ಎಂದುಕೊಂಡು ಕತ್ತರಿಸುತ್ತಿದ್ದರು. "ಇದ್ದ ಸಾಲಾನೇ ತೀರಿಸಿದೀನಿ, ಇನ್ನೊಂದು ಬೇಡಪ್ಪಾ" ಎಂದು ಒಮ್ಮೆ ಜೋರಾಗಿ ಹೇಳಿ ಫೋನು ಇಟ್ಟೇಬಿಟ್ಟರು. ಪಕ್ಕದಲ್ಲಿ ಕೂತಿದ್ದ ಶಿಷ್ಯೆ ನಕ್ಕಳು, ಇವರೂ ನಕ್ಕರು.

ಆ ನಗು ನಿಂತದ್ದು ಅತ್ತಿಗೆ ಬಂದ ದಿನ. ಪೇಟೆಯ ಆಚೆ ಖಾಲಿ ಮೈದಾನದಲ್ಲಿ, ಡಬ್ಬಗಳನ್ನು ಸಾಲಾಗಿ ಇಟ್ಟು, ಒಬ್ಬ ದರ್ಜಿಗೆ ಹಿಂದಕ್ಕೆ ಓಡಿಸುವುದನ್ನು ಮೇಡಂ ಕಲಿಸುತ್ತಿದ್ದರು. ಹೊಸ ಕಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೈದಾನದ ಅಂಚಿನಲ್ಲಿ ಆಸ್ಪತ್ರೆಯ ನೀಲಿ ಅಂಗಿಯಲ್ಲೇ ಅತ್ತಿಗೆ ನಿಂತದ್ದು ಕಂಡಿತು. ಕೆಲಸದ ಹೊತ್ತಿನಲ್ಲಿ ಅವರು ಎಂದೂ ಹೊರಗೆ ಬಂದವರಲ್ಲ. ಮೇಡಂ ತಮ್ಮ ಕಡೆಯ ಬ್ರೇಕ್ ಒತ್ತಿದರು. ದರ್ಜಿಯನ್ನು ಅಲ್ಲೇ ಬಿಟ್ಟು ಇಳಿದು ಹೋದರು.

"ನಿನ್ನ ಹಳೇ ಕಾರಿನ ಕಂತು ಕಟ್ಟಿಲ್ಲವಂತೆ" ಎಂದರು ಅತ್ತಿಗೆ.

"ಆ ಸಾಲ ತೀರಿಹೋಯ್ತಲ್ಲ ಅತ್ತಿಗೆ!"

"ತೀರಿಲ್ಲ. ನನ್ನ ಸಾಲದ ಅರ್ಜಿ ನಿಲ್ಲಿಸಿದ್ದಾರೆ. ಜಾಮೀನು ಹಾಕಿದ ಸಾಲ ಕೆಟ್ಟಿದೆ, ನಿಮಗೆ ಹೇಗೆ ಕೊಡೋದು ಅಂದ್ರು. ಸಾಲಿನಲ್ಲಿ ನಿಂತಿದ್ದೆ ಕಣೇ. ಹಿಂದೆ ಜನ ಇದ್ರು."

ಮೇಡಂಗೆ ಆಗಲೇ ಗೊತ್ತಾದದ್ದು, ಅತ್ತಿಗೆ ಸಾಲಕ್ಕೆ ಅರ್ಜಿ ಹಾಕಿದ್ದಾರೆಂದು. ಅವರಿದ್ದ ಬಾಡಿಗೆ ಮನೆಯನ್ನು, ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವಷ್ಟು ಜಾಗ, ಅಷ್ಟನ್ನು ಮಾಲೀಕರು ಮಾರಲು ಹೊರಟಿದ್ದರು. ಇಷ್ಟು ವರ್ಷ ಇದ್ದವರು ಎಂದು ಮೊದಲು ಇವರನ್ನೇ ಕೇಳಿದ್ದರು, ತಿಂಗಳ ಕೊನೆಯವರೆಗೆ ಕಾಯುವುದಾಗಿ ಹೇಳಿದ್ದರು. ಕೂಡಿಟ್ಟದ್ದು ಮುಕ್ಕಾಲು ಭಾಗ ಇತ್ತು. ಉಳಿದ ಕಾಲು ಭಾಗಕ್ಕೆ ಅತ್ತಿಗೆ ಹುಟ್ಟಿದ ಮೇಲೆ ಮೊದಲ ಸಲ ಸಾಲ ಕೇಳಲು ಹೋಗಿದ್ದರು. ಮನೆ ಕೈಗೆ ಬಂದ ಮೇಲೆ ಹೇಳಿ ಆಶ್ಚರ್ಯಪಡಿಸೋಣವೆಂದು ಮೇಡಂಗೆ ತಿಳಿಸಿರಲಿಲ್ಲ.

ಇಷ್ಟು ಹೇಳಿ ಅತ್ತಿಗೆ ತಿರುಗಿ ನಡೆದರು. ಕಾರಿನಲ್ಲಿ ಬಿಡುತ್ತೇನೆ ಎಂದರೂ ಕೇಳಲಿಲ್ಲ. ಅತ್ತ ಡಬ್ಬಗಳೆಲ್ಲ ಉರುಳಿ ಬಿದ್ದಿದ್ದವು, ದರ್ಜಿ ಬೆಪ್ಪಾಗಿ ಸ್ಟೀರಿಂಗ್ ಹಿಡಿದು ಕೂತಿದ್ದ. ಮೇಡಂ ಅವನನ್ನು ಬಯ್ಯಲಿಲ್ಲ. ಪಾಠ ಅಲ್ಲಿಗೇ ಮುಗಿಸಿ ಬ್ಯಾಂಕಿಗೆ ಹೊರಟರು.

ಬ್ಯಾಂಕಿನಲ್ಲಿ ಸಾಲದ ಅಧಿಕಾರಿ ಕೆಟ್ಟವರೇನಲ್ಲ. ಕುಡಿಯಲು ನೀರು ಕೊಟ್ಟು, ನಿಧಾನವಾಗಿ ಬಿಡಿಸಿ ಹೇಳಿದರು. "ನೋಡಿ ಮೇಡಂ, ಕಾರು ಯಾರ ಹತ್ತಿರಾನೇ ಇರಲಿ, ಸಾಲ ನಿಮ್ಮ ಹೆಸರಲ್ಲಿದೆ. ಷೋರೂಮಿನವರು ಕಟ್ತೀವಿ ಅಂದಿದ್ದು ನಿಮಗೆ, ನಮಗಲ್ಲ. ಅವರಿನ್ನೂ ಕಟ್ಟಿಲ್ಲ. ನೀವೂ ನಿಲ್ಲಿಸಿದ್ರಿ."

"ಹಾಗಾದ್ರೆ ನಾನು ಏನು ಮಾಡಬೇಕಿತ್ತು?"

"ಸಾಲ ಮುಗೀತು ಅಂತ ನಾವು ಪತ್ರ ಕೊಡ್ತೀವಲ್ಲ, ಅದು ಕೈಗೆ ಬರೋವರೆಗೂ ಕಂತು ಕಟ್ತಾ ಇರಬೇಕಿತ್ತು. ಒಂದು ಕಂತು ಹೆಚ್ಚು ಕಟ್ಟಿದ್ರೆ ವಾಪಸ್ ಬರುತ್ತೆ. ಬಾಕಿ ಬಿದ್ರೆ ಹೆಸರು ಕೆಡುತ್ತೆ. ನಿಮ್ಮದು, ಜಾಮೀನು ಹಾಕಿದೋರದ್ದು, ಇಬ್ಬರದ್ದೂ."

ಎಷ್ಟು ಸಣ್ಣ ವಿಷಯ! ಒಂದು ಮಾತು ಕೇಳಿದ್ದರೆ ತೀರಿಹೋಗುತ್ತಿತ್ತು. ಮೇಡಂಗೆ ತನ್ನ ಮೇಲೆಯೇ ಸಿಟ್ಟು ಬಂತು. ಬಾಕಿ ಬಿದ್ದ ಕಂತನ್ನೂ ದಂಡವನ್ನೂ ಅಲ್ಲೇ ಕಟ್ಟಿದರು. ಹೊಸ ಕಾರಿನ ಕಂತಿಗೆಂದು ಇಟ್ಟ ಹಣ ಅದಕ್ಕೆ ಹೋಯಿತು. ಅತ್ತಿಗೆಯ ಅರ್ಜಿ ಈಗ ಮುಂದೆ ಹೋಗುತ್ತದೆಯೇ ಎಂದು ಕೇಳಿದರೆ ಅಧಿಕಾರಿ ಇಲ್ಲವೆಂದು ತಲೆಯಾಡಿಸಿದರು. ಸಾಲ ಪೂರ್ತಿ ಮುಗಿಯಬೇಕು, ಜಾಮೀನಿನಿಂದ ಅವರ ಹೆಸರು ಬಿಡುಗಡೆಯಾಗಬೇಕು, ಆಗ ನೋಡೋಣ ಎಂದರು. ತಿಂಗಳು ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ.

ಷೋರೂಮಿನ ಹಿತ್ತಲಲ್ಲಿ ಮೇಡಂ ಹಳೆಯ ಕಾರು ಧೂಳು ತಿನ್ನುತ್ತಾ ನಿಂತಿತ್ತು. ಶಿಷ್ಯ ಮೇಡಂ ಮುಖ ನೋಡಿದವನೇ ಎದ್ದು ನಿಂತ.

"ಕಟ್ಟಿದ್ದೀಯೋ ಇಲ್ವೋ? ಹ್ಞೂಂ ಅನ್ನು, ಇಲ್ಲಾ ಉಹ್ಞೂಂ ಅನ್ನು" ಎಂದರು ಮೇಡಂ. ಪಾಸಾದ ಶಿಷ್ಯನನ್ನು ಅವರು ಹೀಗೆ ಕೇಳಿದ್ದು ಇದೇ ಮೊದಲು.

ಅವನು ಉಹ್ಞೂಂ ಎಂದ. ಆಮೇಲೆ ಗಡಿಬಿಡಿಯಿಂದ, "ಇಲ್ಲಿನ ರೂಢಿ ಹಾಗೇ ಮೇಡಂ. ಹಳೇ ಗಾಡಿ ಮಾರಾಟ ಆದ ಮೇಲೇ ಅದರ ಸಾಲ ಕಟ್ತಾರೆ. ನಾನು ಮ್ಯಾನೇಜರ್‌ಗೆ ಹೇಳ್ತಾನೇ ಇದ್ದೀನಿ. ಅಷ್ಟರೊಳಗೆ ನೀವು ಕಂತು ನಿಲ್ಲಿಸ್ತೀರಿ ಅಂತ ನಾನು ಅಂದ್ಕೊಳ್ಳಲಿಲ್ಲ" ಎಂದ.

"ತಲೆಯಿಂದ ತೆಗೆದುಹಾಕಿ ಅಂದೆಯಲ್ಲೋ!"

ಅವನು ಇಂಗು ತಿಂದ ಮಂಗನಂತೆ ನಿಂತ. ಅವನನ್ನು ಬಯ್ದು ಪ್ರಯೋಜನವಿಲ್ಲ ಎಂದು ಮೇಡಂಗೆ ಹೊಳೆಯಿತು. ಹಣ ಬಿಡುಗಡೆ ಮಾಡಬೇಕಾದವರು ಒಳಗಿನ ಕೋಣೆಯಲ್ಲಿದ್ದರು. ಮ್ಯಾನೇಜರ್ ಬೆಣ್ಣೆಯಂಥ ಮಾತಿನ ಮನುಷ್ಯ. ಇವತ್ತು ನಾಳೆ ಎಂದರು, ಮೇಲಿನವರ ಸಹಿ ಎಂದರು, ಕಾಫಿ ತರಿಸುತ್ತೇನೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

"ಕಾಫಿ ಬೇಡ. ಇಲ್ಲೇ ಸೋಫಾದ ಮೇಲೆ ಕೂತಿರ್ತೀನಿ" ಎಂದರು ಮೇಡಂ.

"ಧಾರಾಳವಾಗಿ ಕೂತ್ಕೊಳ್ಳಿ."

ಆ ಮಾತು ಹೇಳಿದ್ದಕ್ಕೆ ಮ್ಯಾನೇಜರ್ ಆಮೇಲೆ ನಾಲಿಗೆ ಕಚ್ಚಿಕೊಂಡಿರಬೇಕು. ಗಿರಾಕಿಗಳು ಕೂರುವ ಸೋಫಾ ಅದು. ಮೊದಲು ಬಂದದ್ದು ಒಬ್ಬ ಔಷಧಿ ಅಂಗಡಿಯವರು ಮತ್ತು ಅವರ ಹೆಂಡತಿ. ಹೊಸ ಕಾರಿನ ಬಾಗಿಲು ತೆಗೆದು ಹಾಕಿ ನೋಡಿ, ಸೋಫಾಕ್ಕೆ ಬಂದು, ಮೇಡಂ ಕಡೆ ತಿರುಗಿ ಆ ಹೆಂಗಸು, "ನೀವೂ ಹಳೇದು ಕೊಟ್ಟು ಹೊಸದು ತಗೊಂಡ್ರಾ? ಚೆನ್ನಾಗಿದೆಯಾ?" ಎಂದರು.

"ಕಾರು ಚೆನ್ನಾಗಿದೆ. ನಿಮ್ಮ ಹಳೇದರ ಮೇಲೆ ಸಾಲ ಇದೆಯಾ?"

"ಇದೆಯಲ್ಲ."

ಮೇಡಂ ಎದ್ದು ನಿಂತರು. ಮೈದಾನದ ಈ ತುದಿಯಿಂದ ಆ ತುದಿಗೆ ಕೇಳಿಸುವ ಗಂಟಲು ಅದು, ತಗ್ಗಿಸಲು ಅವರಿಗೇ ಬಾರದು. "ಹಾಗಾದ್ರೆ ಕೇಳಿಸ್ಕೊಳ್ಳಿ. ಷೋರೂಮಿನವರು ಸಾಲ ಕಟ್ತೀವಿ ಅಂತಾರೆ. ಯಾವತ್ತು ಕಟ್ತೀರಿ ಅಂತ ಕೇಳಿ. ಕಾಗದದ ಮೇಲೆ ಬರೆಸ್ಕೊಳ್ಳಿ. ಬ್ಯಾಂಕಿನಿಂದ ಸಾಲ ಮುಗಿದ ಪತ್ರ ಬರೋವರೆಗೂ ಕಂತು ನಿಲ್ಲಿಸಬೇಡಿ. ಬೆಲೆಗಿಂತ ಸಾಲ ಜಾಸ್ತಿ ಇದ್ರೆ, ಆ ಜಾಸ್ತಿಯೆಲ್ಲ ಹೊಸ ಸಾಲದ ಹೊಟ್ಟೆಗೆ ಸೇರುತ್ತೆ, ಅದಕ್ಕೂ ಬಡ್ಡಿ ಬೀಳುತ್ತೆ, ಅದನ್ನೂ ಲೆಕ್ಕ ಹಾಕಿಸ್ಕೊಳ್ಳಿ. ನಾನು ಇದೊಂದನ್ನೂ ಮಾಡಲಿಲ್ಲ. ನನ್ನ ಕಾರು ಇನ್ನೂ ಹಿತ್ತಲಲ್ಲಿದೆ, ಹೋಗಿ ನೋಡ್ಕೊಂಡು ಬನ್ನಿ."

ಔಷಧಿ ಅಂಗಡಿಯವರು ನಿಜಕ್ಕೂ ಹೋಗಿ ನೋಡಿಕೊಂಡು ಬಂದರು. ಮ್ಯಾನೇಜರರ ಮೇಜಿಗೆ ಹೋಗಿ ಒಂದೊಂದಾಗಿ ಕೇಳತೊಡಗಿದರು. ಮುಂದೆ ಬಂದವರಿಗೂ ಇದೇ ಪಾಠ. ಮಧ್ಯಾಹ್ನದ ಹೊತ್ತಿಗೆ ಸೋಫಾದ ಸುತ್ತ ಸಣ್ಣ ಗುಂಪೇ ಕಟ್ಟಿತ್ತು, ಅದರಲ್ಲಿ ಇಬ್ಬರು ಮೇಡಂ ಹಳೆಯ ಶಿಷ್ಯರು.

ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ಬಂದರು. "ಮೇಡಂ, ನೀವು ನಮ್ಮ ಗಿರಾಕಿಗಳನ್ನ ಹೆದರಿಸ್ತಿದ್ದೀರಿ."

"ಹೆದರಿಸ್ತಿಲ್ಲ ಸ್ವಾಮಿ, ಕಲಿಸ್ತಿದ್ದೀನಿ. ನನ್ನ ಕಸುಬೇ ಅದು. ನಾಳೇನೂ ಬರ್ತೀನಿ."

ನಾಳೆ ಬರಬೇಕಾಗಲಿಲ್ಲ. ಮೇಲಿನವರ ಸಹಿ ಅದೆಲ್ಲಿಂದಲೋ ಸಂಜೆಯೊಳಗೆ ಇಳಿದು ಬಂತು. ಹಣ ಕಳಿಸಿದ ರಸೀದಿಯನ್ನು ಶಿಷ್ಯನೇ ತಂದು ಮೇಡಂ ಕೈಗಿಟ್ಟ. "ತಪ್ಪಾಯ್ತು ಮೇಡಂ" ಎಂದ. "ನನ್ನದೂ ಆಯ್ತು. ನಾನು ಕೇಳಬೇಕಿತ್ತು" ಎಂದರು ಮೇಡಂ. ಅವನ ಮೇಲೆ ಸಿಟ್ಟು ಇನ್ನೂ ಇತ್ತು. ಆದರೂ ಅವನ ಬೆನ್ನಿಗೆ ಒಂದು ತಟ್ಟಿ ಹೊರಬಿದ್ದರು.

ಹಣ ಬ್ಯಾಂಕಿಗೆ ಮುಟ್ಟಿ, ಪತ್ರ ತಯಾರಾಗಿ, ಅದಕ್ಕೆ ಮುದ್ರೆ ಬೀಳುವಷ್ಟರಲ್ಲಿ ತಿಂಗಳು ಮುಗಿದು ಒಂದೆರಡು ದಿನ ಆಗಿತ್ತು. ಇಷ್ಟಕ್ಕೆಲ್ಲ ಮನೆ ಮಾಲೀಕರು ಮನಸ್ಸು ಬದಲಾಯಿಸುತ್ತಾರೆಯೇ ಎಂದು ಮೇಡಂ ತಮಗೆ ತಾವೇ ಧೈರ್ಯ ಹೇಳಿಕೊಂಡರು. ಅಧಿಕಾರಿ ಪತ್ರ ಕೊಡುತ್ತಾ, "ನಿಮ್ಮ ಅತ್ತಿಗೆ ವಿಚಿತ್ರದವರಪ್ಪ" ಎಂದರು.

"ಯಾಕೆ?"

"ಅವತ್ತೇ ಒಂದು ದಾರಿ ತೋರಿಸಿದ್ದೆ. ಬ್ಯಾಂಕಿಗೆ ತಿಳಿಸದೆ ಕಾರು ಬೇರೆಯವರಿಗೆ ಕೊಟ್ಟಿದ್ದಾರೆ, ಇದು ನನಗೆ ಗೊತ್ತಿರಲಿಲ್ಲ ಅಂತ ನಿಮ್ಮ ಮೇಲೆ ಒಂದು ದೂರು ಬರೆದುಕೊಟ್ಟಿದ್ರೆ, ಅವರ ಫೈಲು ಬೇರೆ ಮಾಡಿ ಮುಂದೆ ಕಳಿಸಬಹುದಿತ್ತು. ಹಾಳೆ ಕೊಟ್ಟೆ, ಪೆನ್ನೂ ಕೊಟ್ಟೆ. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಇಟ್ಟು ಹೊರಟುಹೋದ್ರು."

ಮೈದಾನಕ್ಕೆ ಬಂದು ನಿಂತಾಗ ಅತ್ತಿಗೆ ಇದನ್ನು ಹೇಳಿರಲೇ ಇಲ್ಲ. ಪತ್ರವನ್ನು ಚೀಲಕ್ಕೆ ಹಾಕಿ, ಆಸ್ಪತ್ರೆಯವರೆಗೆ ಕಾರು ಹೇಗೆ ಓಡಿಸಿದರೋ ಅವರಿಗೇ ಗೊತ್ತಿಲ್ಲ. ದಾರಿಯಲ್ಲಿ ಹಿಂದಿನವರು ಹಾರ್ನ್ ಹೊಡೆದರು.

ಬಟ್ಟೆ ಕೋಣೆ ನೆಲಮಾಳಿಗೆಯಲ್ಲಿದೆ. ಒಗೆಯುವ ಯಂತ್ರಗಳ ಸದ್ದು, ಬಿಸಿ ಹಬೆ, ಸೋಪಿನ ಘಾಟು. ಅತ್ತಿಗೆ ಉದ್ದನೆಯ ಮೇಜಿನ ಮುಂದೆ ಒಬ್ಬರೇ ಇದ್ದರು. ಜೊತೆಯ ಕೆಲಸದವಳು ರಜೆ ಹಾಕಿದ್ದಳು. ದೊಡ್ಡ ಹಾಸು ಬಟ್ಟೆಗಳನ್ನು ಒಬ್ಬರೇ ಮಡಿಸಲಾಗದೆ ಗುಡ್ಡೆ ಬೆಳೆದಿತ್ತು.

ಮೇಡಂ ಪತ್ರವನ್ನು ಮೇಜಿನ ಮೇಲಿಟ್ಟರು. "ಸಾಲ ಮುಗೀತು ಅತ್ತಿಗೆ. ನಿಮ್ಮ ಹೆಸರು ಬಿಡುಗಡೆ ಆಯ್ತು. ಈಗಲೇ ಬನ್ನಿ, ಬ್ಯಾಂಕಿಗೆ ಹೋಗೋಣ."

ಅತ್ತಿಗೆ ಪತ್ರವನ್ನು ಕಣ್ಣಿನಿಂದ ದೂರ ಹಿಡಿದು ಪೂರ್ತಿ ಓದಿದರು. ಮಡಿಸಿ ಜೇಬಿಗಿಟ್ಟರು. "ಮನೆ ಮೊನ್ನೆ ಕೊಟ್ಟುಬಿಟ್ರು. ಬೇರೆ ಯಾರಿಗೋ. ಅವರೂ ಎಷ್ಟು ಅಂತ ಕಾಯ್ತಾರೆ" ಎಂದರು. ಗುಡ್ಡೆಯಿಂದ ಒಂದು ಹಾಸು ಬಟ್ಟೆ ಎಳೆದು, "ಹಿಡಿ ಆ ತುದಿ" ಎಂದರು.

ಮೇಡಂ ಹಿಡಿದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅತ್ತಿಗೆ ಬಟ್ಟೆಯನ್ನು ಒಮ್ಮೆ ಕೊಡವಿದರು, ಎಳೆದು ಬಿಗಿ ಮಾಡಿದರು.

"ನನಗೆ ಸಿಟ್ಟಿದೆ" ಎಂದರು. "ಹೊಸ ಕಾರು ತಗೊಂಡಾಗ ಬಂದು ಹೇಳಿದೆ. ಹಳೇ ಸಾಲಕ್ಕೆ ಏನು ಮಾಡಿದೆ ಅಂತ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸಹಿ ಹಾಕಿದೋಳು ನಾನು, ಕೇಳಬೇಕಿತ್ತು. ನಿನ್ನ ಬಗ್ಗೆ ಕೇಳೋದೇನು ಅಂತ ಬಿಟ್ಟೆ."

"ಆ ದೂರು ಬರೆದುಕೊಡಬೇಕಿತ್ತು ಅತ್ತಿಗೆ. ಅಧಿಕಾರಿ ಎಲ್ಲಾ ಹೇಳಿದ್ರು. ನನಗೇನಾಗ್ತಿತ್ತು, ಹೆಚ್ಚೆಂದರೆ ಒಂದು ನೋಟೀಸು. ಬರೆದುಕೊಟ್ಟಿದ್ರೆ ಮನೆ ನಿಮ್ಮದಾಗ್ತಿತ್ತು."

ಅತ್ತಿಗೆ ತಮ್ಮ ತುದಿಯನ್ನು ಹಿಡಿದು ನಡೆದು ಬಂದು, ಮೇಡಂ ಕೈಯಲ್ಲಿದ್ದ ತುದಿಗೆ ಸೇರಿಸಿದರು. ಎರಡು ಮುಖಗಳ ನಡುವೆ ಒಂದು ಮಡಿಕೆಯಷ್ಟೇ ದೂರವಿತ್ತು.

"ಬರೆದುಕೊಟ್ಟಿದ್ರೆ" ಎಂದರು ಅತ್ತಿಗೆ, "ಆ ಮನೆಗೆ ಯಾರೇ ಬರ್ತಿದ್ರು?"